ಎರಡನೆಯ ಈಡು

ಕರಿಬಸವಯ್ಯನವರಿಗೆ ಕೋವಿಯ ಹುಚ್ಚು ಹತ್ತಿದ್ದು ಕಾಲೇಜಿನಲ್ಲಿ. ಇಂಟರ್‌ಮೀಡಿಯೆಟ್ ಓದುವಾಗ ಸೈನಿಕ ತರಬೇತಿ ದಳಕ್ಕೆ ಸೇರಿದ್ದರು. ಅಲ್ಲಿ ವರ್ಷಕ್ಕೊಮ್ಮೆ ಹುಡುಗರ ಕೈಗೆ ಸಣ್ಣ ರೈಫಲ್ ಕೊಟ್ಟು ಐದೈದು ಗುಂಡು ಹಾರಿಸಲು ಬಿಡುತ್ತಿದ್ದರು. ಮೊದಲ ಸಲವೇ ಅವರ ಐದು ಗುಂಡೂ ಬೆಳ್ಳಿ ರೂಪಾಯಿಯಷ್ಟು ಜಾಗದಲ್ಲಿ ಬಿದ್ದವು. ಹವಾಲ್ದಾರ ಆ ಕಾಗದವನ್ನು ಬಿಸಿಲಿಗೆ ಹಿಡಿದು ನೋಡಿ, "ಯಾರ ಮಗನಯ್ಯಾ ನೀನು?" ಅಂದ. ತುಮಕೂರಿನ ಕಡೆಯ ಶಾಲೆ ಮೇಷ್ಟ್ರ ಮಗ. ಮನೆಯಲ್ಲಿ ಮೂರು ತಲೆಮಾರಿನಿಂದ ಯಾರೂ ಕೋಳಿಮೊಟ್ಟೆ ಕೂಡ ಮುಟ್ಟಿದವರಲ್ಲ.

ಆಮೇಲೆ ಬೆಂಗಳೂರಿಗೆ ಬಂದು ಸರ್ಕಾರಿ ಕಚೇರಿಯೊಂದರಲ್ಲಿ ನಕ್ಷೆ ಬರೆಯುವ ಕೆಲಸಕ್ಕೆ ಸೇರಿದರು. ಬಸವಲಿಂಗಮ್ಮನನ್ನು ಮದುವೆಯಾದರು. ಜಯನಗರದಲ್ಲಿ ಆಗಿನ್ನೂ ನಾಲ್ಕು ಮನೆಗೆ ಹತ್ತು ಖಾಲಿ ಸೈಟು. ಅಲ್ಲೊಂದು ಬಾಡಿಗೆ ಮನೆ ಹಿಡಿದರು. ಸಂಸಾರ ನೆಟ್ಟಗೆ ನಡೆಯುತ್ತಿತ್ತು. ಆದರೂ ಆ ಐದು ತೂತಿನ ಕಾಗದ ಅವರ ಮನಸ್ಸಿನಿಂದ ಅಳಿಸಿಹೋಗಲಿಲ್ಲ.

ಸಾವಿರದ ಒಂಬೈನೂರ ಐವತ್ತಮೂರರಲ್ಲಿ ಒಂದು ಶನಿವಾರ ಧೈರ್ಯ ಮಾಡಿ ದಂಡಿನ ಕಡೆಯ ಕೋವಿ ಅಂಗಡಿಯ ಮೆಟ್ಟಿಲು ಹತ್ತಿದರು. ಗಾಜಿನ ಬೀರುವಿನಲ್ಲಿ ಇಂಗ್ಲೆಂಡಿನ ಜೋಡುನಳಿಗೆ ಕೋವಿಗಳು ಸಾಲಾಗಿ ನಿಂತಿದ್ದವು. ಒಂದೊಂದರ ಬೆಲೆಯೂ ಅವರ ಒಂದು ವರ್ಷದ ಸಂಬಳಕ್ಕಿಂತ ಹೆಚ್ಚು. ಹಿಂದಿನ ಕೋಣೆಯಲ್ಲಿ ರಿಪೇರಿ ಮಾಡುತ್ತಿದ್ದ ಮಿಸ್ತ್ರಿ ಖಾದರ್ ಸಾಬರು ಇವರ ಸವೆದ ಚಪ್ಪಲಿ ನೋಡಿ ಒಳಗೆ ಕರೆದರು.

"ಕೋವಿ ಯಾತಕ್ಕೆ ಸ್ವಾಮಿ? ಹಂದಿಗಾ, ಹಕ್ಕಿಗಾ, ಕಳ್ಳರಿಗಾ?"

"ಕಾಗದಕ್ಕೆ" ಅಂದರು ಕರಿಬಸವಯ್ಯ. "ಗುರಿ ಹೊಡೆಯೋಕೆ ಅಷ್ಟೇ."

ಸಾಬರು ನಗಲಿಲ್ಲ. "ಹಂಗಾದ್ರೆ ಚರೆ ಕೋವಿ ಬೇಡ. ಅದು ಉಗಿದ ಹಂಗೆ ಹರಡುತ್ತೆ, ತೋಟಾನೂ ದುಬಾರಿ. ನಿಮಗೆ ಪಾಯಿಂಟ್ ಟೂ ಟೂ ರೈಫಲ್ ಸಾಕು. ಗುಂಡು ಅಗ್ಗ, ಸದ್ದು ಕಮ್ಮಿ. ಹೊಸದು ಕೇಳಬೇಡಿ." ಮೂಲೆಯಿಂದ ಒಂದು ಹಳೆಯ ರೈಫಲ್ ತೆಗೆದರು. ಮರದ ಹಿಡಿ ಸೀಳಿತ್ತು, ಸೀಳಿಗೆ ಹಿತ್ತಾಳೆ ಪಟ್ಟಿ ಬಿಗಿದಿದ್ದರು. "ಜನ ಮರ ನೋಡಿ ದುಡ್ಡು ಕೊಡ್ತಾರೆ. ನೀವು ನಳಿಗೆ ನೋಡಿ."

ಕರಿಬಸವಯ್ಯ ನಳಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಒಳಗೆ ಇಣುಕಿದರು. ಸುರುಳಿ ಗೀರುಗಳು ಕೊನೆಯವರೆಗೂ ಫಳಫಳ ಹೊಳೆಯುತ್ತಿದ್ದವು.

"ಇನ್ನೊಂದು ಮಾತು" ಅಂದರು ಸಾಬರು. "ಚಿಕ್ಕದು ಅಂತ ಸಸಾರ ಮಾಡಬೇಡಿ. ಇದರ ಗುಂಡು ಒಂದು ಮೈಲಿ ಹೋಗುತ್ತೆ. ಕಲ್ಲಿಗೆ ತಗುಲಿದ್ರೆ ಯಾವ ಕಡೆ ತಿರುಗುತ್ತೋ ಅಲ್ಲಾನಿಗೇ ಗೊತ್ತು. ಹಿಂದೆ ಮಣ್ಣಿಲ್ಲದ ಕಡೆ ಹೊಡೀಬೇಡಿ."

ಲೈಸೆನ್ಸಿಗೆ ಹನ್ನೊಂದು ತಿಂಗಳು ಓಡಾಡಬೇಕಾಯಿತು. ರೈಫಲ್ ಮನೆಗೆ ಬಂದ ದಿನ ಬಸವಲಿಂಗಮ್ಮ ಹೊಸ್ತಿಲಲ್ಲೇ ನಿಂತು ಕೇಳಿದರು: "ಎದೆ ಮೇಲೆ ಲಿಂಗ, ಹೆಗಲ ಮೇಲೆ ಕೋವಿ. ಏನ್ರೀ ಇದು?"

"ಒಂದು ಜೀವಕ್ಕೂ ಹೊಡೆಯಲ್ಲ ಕಣೇ. ನಿನ್ನ ಮೇಲಾಣೆ."

"ನನ್ನ ಮೇಲೆ ಯಾಕೆ ಆಣೆ ಇಡ್ತೀರಿ, ನಿಮ್ಮ ಮೇಲೇ ಇಟ್ಟುಕೊಳ್ಳಿ" ಅಂದು ಬಸವಲಿಂಗಮ್ಮ ದಾರಿ ಬಿಟ್ಟರು.

ಉಳಿದ ಸರಂಜಾಮನ್ನೆಲ್ಲ ಕೈಯಾರೆ ಮಾಡಿಕೊಂಡರು. ಭುಜಕ್ಕೆ ಮೆತ್ತೆಯಾಗಿ ಹಳೆಯ ಕೌದಿಯ ತುಂಡನ್ನು ಕೋಟಿನ ಒಳಗೆ ಬಸವಲಿಂಗಮ್ಮನೇ ಗೊಣಗುತ್ತ ಹೊಲಿದುಕೊಟ್ಟರು. ಮಲಗಿ ಹೊಡೆಯಲು ಎರಡು ಗೋಣಿಚೀಲ. ಗುಂಡು ಎಲ್ಲಿ ಬಿತ್ತೆಂದು ದೂರದಿಂದ ನೋಡಲು, ಹರಾಜಿನಲ್ಲಿ ಸಿಕ್ಕ ಮುರಿದ ಸರ್ವೆ ಯಂತ್ರದ ದುರ್ಬೀನು. ಗುರಿಯ ಕಾಗದವಂತೂ ಅಂಗಡಿಯದಲ್ಲವೇ ಅಲ್ಲ. ರದ್ದಾದ ನಕ್ಷೆಗಳ ಬೆನ್ನಿಗೆ ಕೈವಾರ ಇಟ್ಟು ಕಪ್ಪು ಮಸಿಯಲ್ಲಿ ವೃತ್ತ ಎಳೆಯುತ್ತಿದ್ದರು. ಕೂದಲೆಳೆಯಷ್ಟೂ ವ್ಯತ್ಯಾಸ ಇರುತ್ತಿರಲಿಲ್ಲ.

ಸುಬ್ರಹ್ಮಣ್ಯಪುರದ ಆಚೆ ಚಿಕ್ಕಬೈರಪ್ಪ ಎನ್ನುವ ರೈತನ ಹೊಲದಂಚಿಗೆ ಪಾಳುಬಿದ್ದ ಕಲ್ಲುಗಣಿ ಇತ್ತು. ಅವನ ಒಪ್ಪಿಗೆ ಕೇಳಿ, ಎರಡು ಭಾನುವಾರ ಹಾರೆ ಹಿಡಿದು ಬಂಡೆಯ ಮುಂದೆ ಎದೆಮಟ್ಟದ ಮಣ್ಣಿನ ಗೋಡೆ ಎಬ್ಬಿಸಿದರು. ಆಮೇಲೆ ಐದು ವರ್ಷ, ತಿಂಗಳಿಗೆರಡು ಭಾನುವಾರ ಸೈಕಲ್ಲಿನಲ್ಲಿ ಅಲ್ಲಿಗೆ ಹೋಗಿ ಇಪ್ಪತ್ತೈದು ಗುಂಡು ಹಾರಿಸಿ ಬರುವರು. ಇಪ್ಪತ್ತಾರನೆಯದಿಲ್ಲ. ಬೀದಿಯವರು ಅವರನ್ನು 'ಕೋವಿ ಅಯ್ನೋರು' ಎಂದು ಕರೆಯತೊಡಗಿದರು. ಕರಿಬಸವಯ್ಯನವರಿಗೆ ಒಳಗೊಳಗೇ ಅದು ಹಿತವಾಗಿಯೇ ಇತ್ತು.

ಐವತ್ತೊಂಬತ್ತರ ಏಪ್ರಿಲ್. ಭಾನುವಾರ, ಬೆಳಿಗ್ಗೆ ಒಂಬತ್ತಾಗಿತ್ತು. ಬೀದಿಗೆ ಹುಚ್ಚುನಾಯಿ ನುಗ್ಗಿತ್ತು. ಹಾಲಿನವನ ಕರುವನ್ನು ಕಚ್ಚಿ, ಎರಡು ಮನೆಯಾಚೆಯ ಅಜ್ಜಿಯೊಬ್ಬರ ಮೀನಖಂಡ ಹರಿದು, ಚರಂಡಿಯ ಮೇಲಿನ ಚಪ್ಪಡಿಯ ಕೆಳಗೆ ಹೋಗಿ ಕೂತಿತ್ತು. ಬಾಯಿಂದ ನೊರೆ ಸುರಿಯುತ್ತಿತ್ತು. ಎದುರು ಮನೆಯ ತಿರುಮಲೇಶ, ಕಾಲೇಜಿನಲ್ಲಿ ಲೆಕ್ಚರರ್, ಏಳೆಂಟು ಜನರನ್ನು ಕಟ್ಟಿಕೊಂಡು ಬಂದು ಬಾಗಿಲು ಬಡಿದರು.

"ಅಯ್ನೋರೇ, ಕೋವಿ ತಗೊಂಡು ಬನ್ನಿ."

"ಮುನಿಸಿಪಾಲಿಟಿಯೋರಿಗೆ ಹೇಳಿಕಳಿಸಿ."

"ಭಾನುವಾರ ಯಾರ್ರೀ ಬರ್ತಾರೆ?"

"ಇದು ಕಾಗದಕ್ಕೆ ಹೊಡೆಯೋ ರೈಫಲ್ಲು. ಬೀದೀಲೆಲ್ಲ ಕಲ್ಲು. ಆಗಲ್ಲ ತಿರುಮಲೇಶ್."

"ಮನೇಲಿ ಕೋವಿ ಇಟ್ಕೊಂಡು ಸುಮ್ನೆ ಕೂತ್ಕೋತೀರಾ? ನಾಳೆ ಒಂದು ಮಗು ಹೋದ್ರೆ ಅದರ ತಾಯಿಗೆ ನೀವೇ ಉತ್ತರ ಹೇಳ್ತೀರಾ?"

ಹಿಂದಿನಿಂದ ಯಾರೋ, "ಕೋವಿ ಅಯ್ನೋರಂತೆ, ಕೋವಿ" ಎಂದು ನಕ್ಕರು. ಆ ನಗೆ ಅವರಿಗೆ ತಾಗಿತು. ಒಳಗೆ ಹೋಗಿ ರೈಫಲ್ ತೆಗೆದರು. ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಬಸವಲಿಂಗಮ್ಮ ಅವರ ಮುಖವನ್ನೇ ನೋಡಿದರು.

ಹೊರಗೆ ಬಂದು ಎಲ್ಲರನ್ನೂ ಮನೆಯೊಳಕ್ಕೆ ಹೋಗಲು ಹೇಳಿದರು. "ನೀವು ಆ ಮೂಲೆಯಲ್ಲಿ ನಿಂತುಕೊಳ್ಳಿ ತಿರುಮಲೇಶ್. ಆ ಕಡೆಯಿಂದ ಒಂದು ನರಪಿಳ್ಳೆ ಬರಕೂಡದು." ತಿರುಮಲೇಶ ತಲೆಯಾಡಿಸಿ ಹೊರಟರು. ಆದರೆ ಮೂಲೆಯವರೆಗೂ ಹೋಗಲು ಹೆದರಿಕೆ. ನಡುವೆಯೇ ಒಂದು ಮನೆಯ ಮಹಡಿ ಹತ್ತಿ ನಿಂತರು.

ಇಪ್ಪತ್ತು ಹೆಜ್ಜೆ ದೂರದಿಂದ ಮಂಡಿಯೂರಿ ಹಾರಿಸಿದ ಮೊದಲ ಈಡು ನಾಯಿಯ ಹೆಗಲ ಹಿಂದೆ ನಾಟಿತು. ನಾಯಿ ಅರಚಲಿಲ್ಲ. ಚಪ್ಪಡಿಯ ಕೆಳಗಿಂದ ಎದ್ದು ಬಂದು ಅವರ ಕಡೆಗೇ ನಾಲ್ಕು ಹೆಜ್ಜೆ ಓಡಿತು. ಐದು ವರ್ಷ ಪಳಗಿದ ಕೈ ತಾನಾಗಿಯೇ ಬೋಲ್ಟ್ ಎಳೆದು ಇನ್ನೊಂದು ಗುಂಡು ತುಂಬಿ ಕುದುರೆ ಒತ್ತಿತು. ಈ ಈಡು ನಾಯಿಯ ಬೆನ್ನ ಮೇಲಿಂದ ಹಾದು ಮೂಲೆಮನೆಯ ಕಲ್ಲಿನ ಕಾಂಪೌಂಡಿಗೆ ಬಡಿಯಿತು. 'ಝುಯ್' ಎಂಬ ಸದ್ದು ಕೇಳಿತು. ಕಲ್ಲುಗಣಿಯಲ್ಲಿ ಆ ಸದ್ದನ್ನು ಅವರು ಒಮ್ಮೆಯೂ ಕೇಳಿರಲಿಲ್ಲ.

ಮೂಲೆ ತಿರುಗಿ ಬರುತ್ತಿದ್ದವಳು ಸೊಣ್ಣಮ್ಮ. ಸಾರಕ್ಕಿಯಿಂದ ದಿನಾ ಸೊಪ್ಪಿನ ಮಂಕರಿ ಹೊತ್ತು ಬರುವವಳು, ನಲವತ್ತರ ಹೆಂಗಸು. ಅವಳು ಬೀಳಲಿಲ್ಲ. ಮಂಕರಿಯನ್ನು ತಾನೇ ಎರಡೂ ಕೈಯಿಂದ ಇಳಿಸಿ, ಪಕ್ಕದಲ್ಲಿ ಕೂತು, ಕತ್ತಿನ ಕೆಳಗೆ ಕೈ ಇಟ್ಟುಕೊಂಡಳು.

"ಯಾರೋ ಕಲ್ಲು ಹೊಡೆದ್ರು ಕಣ್ರಪ್ಪಾ" ಅಂದಳು.

ಬೆರಳ ಸಂದಿಯಿಂದ ರಕ್ತ ಬರತೊಡಗಿದ್ದು ಆಮೇಲೆ. ಕರಿಬಸವಯ್ಯ ಓಡಿಹೋಗಿ ಹೆಗಲ ಮೇಲಿನ ವಲ್ಲಿಯನ್ನು ಗಾಯಕ್ಕೆ ಒತ್ತಿಹಿಡಿದರು. ಬಸವಲಿಂಗಮ್ಮ ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡರು. ನಾಯಿ ಹತ್ತು ಮಾರು ಆಚೆ ಸತ್ತು ಬಿದ್ದಿತ್ತು. ಮೊದಲ ಈಡಿಗೇ ಅದರ ಕೆಲಸ ಮುಗಿದಿತ್ತು. ಎರಡನೆಯದು ಬೇಕೇ ಇರಲಿಲ್ಲ.

ಮೂರನೆಯ ದಿನ ಆಸ್ಪತ್ರೆಯಲ್ಲಿ ಸೊಣ್ಣಮ್ಮ ತೀರಿಕೊಂಡಳು.

ಪೊಲೀಸರು ಬೀದಿಯಲ್ಲಿ ಹೇಳಿಕೆ ತೆಗೆದುಕೊಂಡಾಗ ತಿರುಮಲೇಶ, "ನಾವು ಮುನಿಸಿಪಾಲಿಟಿಗೆ ಹೇಳೋಣ ಅಂತಿದ್ವಿ, ಅವರೇ ಕೋವಿ ಹಿಡಿದು ಬಂದರು" ಎಂದು ಬರೆಸಿದರು. ಬಾಗಿಲು ಬಡಿದಿದ್ದ ಏಳೆಂಟು ಜನರೂ ಅದನ್ನೇ ಅಂದರು. ಅಜ್ಜಿಯ ಮನೆಯವರು ಮಾತ್ರ, ನಮಗೇನೂ ಕಾಣಿಸಲಿಲ್ಲ ಅಂದರು.

ಕೋರ್ಟಿನಲ್ಲಿ ವಕೀಲರು ಹೇಳಿಕೊಟ್ಟಿದ್ದರು: "ಮೂಲೆ ಕಾಯೋಕೆ ಒಬ್ಬರನ್ನ ನಿಲ್ಲಿಸಿದ್ದೆ, ಅವರು ಕಾಯಲಿಲ್ಲ ಅನ್ನಿ. ಜನ ಬಲವಂತ ಮಾಡಿದ್ರು ಅನ್ನಿ." ಕಟಕಟೆಯಲ್ಲಿ ಕರಿಬಸವಯ್ಯ ಅದನ್ನೆಲ್ಲ ಹೇಳಿದರು. ಆಮೇಲೆ ಮ್ಯಾಜಿಸ್ಟ್ರೇಟರು ತಾವೇ ಒಂದು ಮಾತು ಕೇಳಿದರು.

"ಎರಡನೇ ಸಲ ಹಾರಿಸೋ ಮುಂಚೆ ನಾಯಿಯ ಹಿಂದೆ ಏನಿದೆ ಅಂತ ನೋಡಿದ್ರಾ?"

ಎದುರಿನ ಬೆಂಚಿನ ತುದಿಯಲ್ಲಿ ಸೊಣ್ಣಮ್ಮನ ಗಂಡ ಬೋರಣ್ಣ ಕೂತಿದ್ದ. ಪ್ರತಿ ವಾಯಿದೆಗೂ ಸಾರಕ್ಕಿಯಿಂದ ನಡೆದೇ ಬಂದು ಅಲ್ಲೇ ಕೂರುತ್ತಿದ್ದ.

"ನೋಡಲಿಲ್ಲ" ಅಂದರು ಕರಿಬಸವಯ್ಯ.

"ನೋಡಬೇಕು ಅಂತ ಗೊತ್ತಿತ್ತಾ?"

"ಚೆನ್ನಾಗಿ ಗೊತ್ತಿತ್ತು, ಸ್ವಾಮಿ."

ವಕೀಲರು ಫೈಲು ಮುಚ್ಚಿಬಿಟ್ಟರು. ಆರು ತಿಂಗಳು ಸಜೆಯಾಯಿತು. ರೈಫಲ್ ಜಪ್ತಿ. ಸಜೆಯಾದವರಿಗೆ ಸರ್ಕಾರಿ ಕೆಲಸವೆಲ್ಲಿ? ಅದೂ ಹೋಯಿತು.

ಬಸವಲಿಂಗಮ್ಮ ತಿಂಗಳಿಗೊಮ್ಮೆ ಜೈಲಿಗೆ ಬರುತ್ತಿದ್ದರು. ಆಣೆಯ ಮಾತನ್ನು ಒಂದು ದಿನವೂ ಎತ್ತಲಿಲ್ಲ. ಎತ್ತಿ ಬೈದಿದ್ದರೆ ಚೆನ್ನಾಗಿತ್ತು ಎಂದು ಕರಿಬಸವಯ್ಯನವರಿಗೆ ಅನ್ನಿಸುತ್ತಿತ್ತು. ಬಿಡುಗಡೆಯಾಗಿ ಬಂದ ಮೇಲೂ ಬಹಳ ದಿನ ಪೂಜೆಗೆ ಕೂರಲಾಗಲಿಲ್ಲ. ಲಿಂಗವನ್ನು ಇಡಬೇಕಾದದ್ದು ಎಡ ಅಂಗೈಯ ಮೇಲೆ. ರೈಫಲಿನ ಮುಂಭಾಗ ಕೂರುತ್ತಿದ್ದದ್ದೂ ಅಲ್ಲೇ.

ಜೈಲಿನಿಂದ ಬಂದ ವಾರದಲ್ಲೇ ಸಾರಕ್ಕಿಗೆ ಹೋದರು. ಬೋರಣ್ಣ ಜಗಲಿಯ ಮೇಲೆ ಹಗ್ಗ ಹೊಸೆಯುತ್ತಿದ್ದ. ಎದ್ದು ಚಾಪೆ ಹಾಸಿದ. ಕರಿಬಸವಯ್ಯ ಕೂರದೆ ಕೈಮುಗಿದು ನಿಂತರು. ಬೋರಣ್ಣನೇ ಮಾತು ತೆಗೆದ.

"ಸ್ವಾಮಿ, ಇನ್ನು ಬರಬೇಡಿ."

"ನನ್ನ ಕೈಲಾದ್ದು ಏನಾದರೂ..."

"ನೀವು ಬಂದ್ರೆ ನಾನು ಚಾಪೆ ಹಾಕಬೇಕು, ನೀರು ಕೊಡಬೇಕು, ಮಾತಾಡಿಸಬೇಕು. ನಂಗೆ ಆಗಕ್ಕಿಲ್ಲ."

ಕರಿಬಸವಯ್ಯ ಹಿಂತಿರುಗಿದರು. ಸೈಕಲ್ ಹತ್ತಲಿಲ್ಲ. ತಳ್ಳಿಕೊಂಡೇ ಮನೆ ಸೇರಿದರು.

ಹೊಟ್ಟೆಪಾಡಿಗೆ ಮನೆಯಲ್ಲೇ ಕೂತು ಹೊಸ ಸೈಟಿನವರಿಗೆ ಮನೆಯ ಪ್ಲಾನು ಬರೆಯತೊಡಗಿದರು. ಬಸವಲಿಂಗಮ್ಮ ಹೊಲಿಗೆ ಹಿಡಿದರು. ಅರವತ್ತೆರಡರ ಚಳಿಗಾಲದಲ್ಲಿ ಚೀನಾ ಯುದ್ಧವಾಗಿ ಊರೂರಲ್ಲಿ ರೈಫಲ್ ತರಬೇತಿ ಶುರುವಾದಾಗ, ತಿರುಮಲೇಶ ಮೂರು ವರ್ಷದ ಮೇಲೆ ಆ ಹೊಸ್ತಿಲು ತುಳಿದರು. ಕಾಲೇಜಿನ ಹುಡುಗರಿಗೆ ಗುರಿ ಹೇಳಿಕೊಡುವವರು ಬೇಕಾಗಿತ್ತಂತೆ. ಕರಿಬಸವಯ್ಯ ಆಗಲ್ಲ ಅಂದರು. ತಿರುಮಲೇಶ ಹೋಗಲಿಲ್ಲ, ಟೋಪಿ ತಿರುವುತ್ತ ನಿಂತರು.

"ಅವತ್ತು ನಾನು ಆ ಮೂಲೇಲಿ ನಿಲ್ಲಬೇಕಾಗಿತ್ತು, ಅಯ್ನೋರೇ."

"ಹೌದು, ನಿಲ್ಲಬೇಕಾಗಿತ್ತು" ಅಂದು ಕರಿಬಸವಯ್ಯ ಮತ್ತೆ ನಕ್ಷೆಯ ಮೇಲೆ ಬಾಗಿದರು. ಬಾಗಿಲು ಮುಚ್ಚಿದ ಸದ್ದು ಯಾವಾಗ ಕೇಳಿತೋ ಅವರಿಗೆ ತಿಳಿಯಲಿಲ್ಲ.

ಅರವತ್ತಾರರ ಬೇಸಗೆಯಲ್ಲಿ, ನಡುಮಧ್ಯಾಹ್ನ, ಬೋರಣ್ಣ ತಾನಾಗಿಯೇ ಬಂದ. ಸೊರಗಿಹೋಗಿದ್ದ. ಪಂಚೆಯ ಮಡಿಕೆಯಿಂದ ಒಂದು ನೋಟೀಸು, ಒಂದು ಬಡಾವಣೆಯ ನಕ್ಷೆ ತೆಗೆದು ಮೇಜಿನ ಮೇಲಿಟ್ಟ.

"ಜಮೀನು ಲೇಔಟಿಗೆ ಹೋಯ್ತದಂತೆ. ಶಾನುಭೋಗ ಒಂದು ಹೇಳ್ತಾನೆ, ಕಂಟ್ರಾಕ್ಟರು ಒಂದು ಹೇಳ್ತಾನೆ. ನೀವು ಓದಿ. ನೀವು ಸುಳ್ಳು ಹೇಳಕ್ಕಿಲ್ಲ, ಕೋರ್ಟಲ್ಲಿ ನೋಡೀವ್ನಿ."

ಕರಿಬಸವಯ್ಯ ಅಳತೆಪಟ್ಟಿ ಇಟ್ಟು ಓದಿದರು. ಹೊಲ ಪೂರ್ತಿ ಹೋಗುತ್ತಿತ್ತು. "ಬಾವಿ ಸೈಟುಗಳಿಗೆ ಬರುತ್ತೆ ಬೋರಣ್ಣ. ಮೂಡಲ ಕಡೆ ರಸ್ತೆ, ನಲವತ್ತು ಅಡಿ."

"ಮೂಡಲ ಕಡೆ ಹೊಂಗೆ ಮರ ಐತಲ್ಲ, ಅದರ ಬುಡ?"

"ರಸ್ತೆಯ ನಡುವೆ."

ಬೋರಣ್ಣ ನಕ್ಷೆಯ ಆ ಗೆರೆಯ ಮೇಲೆ ಬೆರಳಿಟ್ಟ. "ಅವಳನ್ನ ಮಣ್ಣು ಮಾಡಿರೋದು ಅಲ್ಲೇ" ಅಂದ.

ಮಾರನೆಯ ದಿನ ಇಬ್ಬರೂ ಹೊಲಕ್ಕೆ ಹೋಗಿ ಸರಪಳಿ ಹಿಡಿದು ಅಳೆದರು. ಬಿಸಿಲಲ್ಲಿ ಒಂದು ತುದಿ ಬೋರಣ್ಣನ ಕೈಯಲ್ಲಿ, ಇನ್ನೊಂದು ಕರಿಬಸವಯ್ಯನವರ ಕೈಯಲ್ಲಿ. ಸೊಣ್ಣಮ್ಮನ ಗುಡ್ಡೆಯ ಹತ್ತಿರ ಬಂದಾಗ ಕರಿಬಸವಯ್ಯ ಚಪ್ಪಲಿ ಬಿಟ್ಟರು.

"ಸರಿಯಾಗಿ ಅಳೆದ್ರಾ?"

"ಎರಡು ಸಲ ಅಳೆದೆ. ನಡುವೆಯೇ ಬರುತ್ತೆ."

"ಅರ್ಜಿ ಬರೀರಿ ಹಂಗಾದ್ರೆ."

ಕರಿಬಸವಯ್ಯ ಮೂರು ಅರ್ಜಿ ಬರೆದರು. ರಸ್ತೆಯನ್ನು ಮೂವತ್ತು ಅಡಿ ಸರಿಸಿದರೆ ಯಾರಿಗೂ ನಷ್ಟವಿಲ್ಲವೆಂದು ತೋರಿಸಿ ತಾವೇ ಒಂದು ನಕ್ಷೆ ಬರೆದು ಲಗತ್ತಿಸಿದರು. ಅಷ್ಟು ಚೊಕ್ಕವಾಗಿ ಅವರು ಯಾವ ನಕ್ಷೆಯನ್ನೂ ಬರೆದಿರಲಿಲ್ಲ. ಮೂರಕ್ಕೂ ಉತ್ತರ ಬರಲಿಲ್ಲ.

ಅರವತ್ತೆಂಟರ ಫೆಬ್ರವರಿಯಲ್ಲಿ ಹೊಂಗೆ ಮರ ಉರುಳಿತು. ಜಲ್ಲಿ ಹರಡಿ ರೋಲರು ಹಾಯಿಸಿದ ದಿನ ಬೋರಣ್ಣ ಬದುವಿನ ಮೇಲೆ ನಿಂತಿದ್ದ. ಪಕ್ಕದಲ್ಲಿ, ಮಾರು ದೂರ ಬಿಟ್ಟು, ಕರಿಬಸವಯ್ಯ. ರೋಲರು ಮೂರು ಸಲ ಹೋಗಿ ಬಂತು. ಸಂಜೆಗೆ ಬೋರಣ್ಣ, "ಬರ್ತೀನಿ" ಅಂದು, ಬೇಗೂರಿನಲ್ಲಿದ್ದ ಮಗಳ ಮನೆಯ ದಾರಿ ಹಿಡಿದ.