ಹೊಸ್ತಿಲ ಬಳಿ ಉಳಿದ ಹೊಟ್ಟು

ಇಂಥದ್ದನ್ನೆಲ್ಲ ನಂಬುವವಳು ನಾನಲ್ಲ. ಆಳಂದದ ಹೈಸ್ಕೂಲೊಂದರಲ್ಲಿ ಭೂಗೋಳ ಕಲಿಸುತ್ತೇನೆ. ಯಾರಾದರೂ ದೆವ್ವ, ಶಕುನ ಎಂದು ಮಾತು ತೆಗೆದರೆ ಮೊದಲು ನಗುವವಳು ನಾನೇ. ಹಾಗಾಗಿ ಇದನ್ನು ಬರೆಯಲು ಮುಜುಗರ. ನೀವು ನಕ್ಕರೂ ಬೇಸರವಿಲ್ಲ.

ನನ್ನ ಯಜಮಾನರು ಮಾಲ್ಡೀವ್ಸಿನ ಹೋಟೆಲೊಂದರಲ್ಲಿ ಎ.ಸಿ. ಮೆಕ್ಯಾನಿಕ್. ಕೆಲವು ವರ್ಷಗಳ ಹಿಂದೆ, ಒಂದು ಭಾನುವಾರ ಮಧ್ಯಾಹ್ನ, ಅವರನ್ನು ಒಂದು ದ್ವೀಪದಿಂದ ಇನ್ನೊಂದಕ್ಕೆ ಕೆಲಸಕ್ಕೆ ಕಳಿಸಿದರು. 'ವಿಮಾನ ಹತ್ತೇನಿ, ಇಳಿದ ಕೂಡ್ಲೇ ಫೋನ್ ಮಾಡ್ತೇನಿ' ಎಂದರು. ನಾನು ಮೊಬೈಲಿನಲ್ಲಿ ಎರಡೂ ವಿಮಾನ ನಿಲ್ದಾಣಗಳ ಹೆಸರು ಹಾಕಿ ನೋಡಿದೆ. ಅಂತರ ಇಲ್ಲಿಂದ ಹೈದರಾಬಾದಿಗಿರುವಷ್ಟೂ ಇಲ್ಲ. ಪ್ರಯಾಣ ಅರ್ಧ ತಾಸು.

ನಮ್ಮ ಅತ್ತೆಯದೊಂದು ಕಟ್ಟಳೆ. ಮನೆಯವರು ಎಲ್ಲಿಗೇ ಹೊರಟರೂ, ಮುಟ್ಟಿದ ಸುದ್ದಿ ಬರುವವರೆಗೆ ಕಸ ಹೊಡೆಯುವಂತಿಲ್ಲ. ಕಲಬುರಗಿಗೆ ಹೋದವರಿಗೂ ಇದೇ ಕಾನೂನು. ಅಂದು ಬೆಳಿಗ್ಗೆ ತೊಗರಿ ಹಸನು ಮಾಡಿದ್ದರಿಂದ ಪಡಸಾಲೆಯ ತುಂಬ ಹೊಟ್ಟು ಬಿದ್ದಿತ್ತು.

ಅರ್ಧ ತಾಸಾಯಿತು. ಒಂದು ತಾಸೂ ದಾಟಿತು. ನಾನು ಫೋನ್ ಹಚ್ಚಿದರೆ ಸ್ವಿಚ್ಡ್ ಆಫ್. ದಿಗಿಲಾದದ್ದನ್ನು ಅತ್ತೆಗೆ ತೋರಿಸಬಾರದೆಂದೇ ಕಸಬರಿಗೆ ಹಿಡಿದೆ.

'ಅಂವ ಇನ್ನಾ ಮುಟ್ಟಿಲ್ಲಬೇ. ಇಡು ಅದನ್ನ.'

'ಲೆಕ್ಕದ ಪ್ರಕಾರ ಆಗ್ಲೇ ಮುಟ್ಯಾರ್ರಿ ಅತ್ತಿ.'

ಅತ್ತೆ ಎದ್ದು ಬಂದು ಕಸಬರಿಗೆ ಕಸಿದುಕೊಂಡರು. ಅಷ್ಟರಲ್ಲಿ ನಾನು ಗುಡಿಸಿ ತಂದಿದ್ದ ಹೊಟ್ಟು ಹೊಸ್ತಿಲ ಬಳಿ ಗುಡ್ಡೆಯಾಗಿ ಉಳಿಯಿತು. ಇಬ್ಬರೂ ಫೋನ್ ನೋಡುತ್ತ ಕುಳಿತೆವು.

ಆಗ ಹೊರಗೆ ಚಪ್ಪಲಿಯ ಸದ್ದಾಯಿತು. ಯಜಮಾನರಿಗೆ ಒಂದು ಚಟವಿದೆ. ಒಳಗೆ ಬರುವ ಮೊದಲು ಚಪ್ಪಲಿ ಕಳಚಿ, ಒಂದಕ್ಕೊಂದು ಬಡಿದು ಮಣ್ಣು ಕೊಡವುತ್ತಾರೆ. ಅದೇ ಸದ್ದು. ನಾನು ಬೆವೆತು ಹೋದೆ. ಸಮುದ್ರದಾಚೆ ಇರುವ ಮನುಷ್ಯನ ಸದ್ದು ಬಾಗಿಲಲ್ಲಿ ಕೇಳಿಸಿದರೆ ಜೀವ ಹೋಯಿತೆಂದು ಜನ ಅನ್ನುವುದು ನನಗೂ ಗೊತ್ತಿತ್ತು. ಅತ್ತೆಯ ಮುಖ ನೋಡಿದೆ, ಅವರಿಗೂ ಕೇಳಿಸಿತ್ತು. ಬಾಗಿಲು ತೆರೆದೆ. ಬಿಸಿಲು ಬಿಟ್ಟರೆ ಅಂಗಳದಲ್ಲಿ ಏನೂ ಇರಲಿಲ್ಲ.

'ಅಳಬ್ಯಾಡ. ಒಳಗ ಬಂದು ಕೂಡು' ಎಂದರು ಅತ್ತೆ. ಅವರ ದನಿಯೇ ಅಳುತ್ತಿತ್ತು.

ತುಸು ಹೊತ್ತಿಗೆ ಫೋನ್ ಬಂತು. ಯಜಮಾನರೇ. ವಿಮಾನ ಬಿರುಗಾಳಿಗೆ ಸಿಕ್ಕಿ, ಬಹಳ ಹೊತ್ತು ಸುತ್ತಾಡಿ, ಅರ್ಧ ದಾರಿಯಿಂದ ತಿರುಗಿ, ಹೊರಟ ದ್ವೀಪದಲ್ಲೇ ಇಳಿದಿತ್ತಂತೆ.

'ಜೀವ ಹೋತು ಅಂತ ಕಣ್ಣು ಮುಚ್ಚಿ ಕುಂತಿದ್ದೆ' ಎಂದರು. 'ನೋಡಿದ್ರ ನಮ್ಮ ಬಾಗಿಲದಾಗ ನಿಂತೇನಿ.' ಆಮೇಲೆ ಕೇಳಿದರು, 'ಹೊಸ್ತಿಲ ಕಡೆ ಯಾಕಬೇ ಅಷ್ಟು ಹೊಟ್ಟು ಗುಡ್ಡಿ ಹಾಕಿದ್ದಿ? ದಾಟಿ ಒಳಗ ಬರಾಕ ಆಗ್ಲೇ ಇಲ್ಲ ನನಗ. ಹೊಳ್ಳಿ ಹೋದೆ.'

ಅವರು ಪ್ರಯಾಣ ಹೊರಟಾಗ ಈಗಲೂ ಅಂತರ, ಸಮಯ ನೋಡುತ್ತೇನೆ. ಕಸಬರಿಗೆ ಮಾತ್ರ ಮುಟ್ಟುವುದಿಲ್ಲ. ಅಂದು ಪೂರ್ತಿ ಗುಡಿಸಿ ಹೊಸ್ತಿಲು ಸ್ವಚ್ಛ ಮಾಡಿದ್ದರೆ ಅವರು ಒಳಗೆ ಬರುತ್ತಿದ್ದರೇ? ಬಂದಿದ್ದರೆ ಆ ಫೋನ್ ಬರುತ್ತಿತ್ತೇ? ನನಗೆ ತಿಳಿಯದು. ಅತ್ತೆಯನ್ನು ಕೇಳುವ ಧೈರ್ಯ ಇನ್ನೂ ಬಂದಿಲ್ಲ.