‘ಟಕ್’ ಎಂದ ಮೇಲಿನ ಒಂದೂವರೆ ಲೀಟರ್

ಮಿಜುಯೆಯ ಸುದ್ದಿ ನನ್ನ ಕಿವಿಗೆ ಮೊದಲು ಬಿದ್ದದ್ದು ಪಕ್ಕದ ಮನೆಯ ತೊಕಿಯೆಯ ಬಾಯಿಂದ. ಆ ವರ್ಷದ ಮೊದಲ ಹಿಮ ಬಿದ್ದ ಮರುದಿನ. ನಾನು ನಮ್ಮ ಪೆಟ್ರೋಲ್ ಪಂಪಿನ ಮುಂದೆ ಸಲಿಕೆ ಹಿಡಿದು ದಾರಿ ಮಾಡುತ್ತಿದ್ದೆ.

“ಫುಸಾ, ಕೇಳಿದ್ಯೇನೇ? ಅಂಗಡಿ ಗಾಡಿಗೆ ಹೊಸಬಳು ಬಂದಿದಾಳೆ. ಹೆಂಗಸು! ಗಾಡಿ ನಿಂತ ಕೂಡ್ಲೇ ತೊಡೆ ಮೇಲೆ ಕಂಪ್ಯೂಟರ್ ಬಿಚ್ತಾಳಂತೆ. ಅದಕ್ಕೆ ಊಟ ಹಾಕಿ ಆಮೇಲೇ ನಮಗೆ ತೋಫು.”

“ಪೆಟ್ರೋಲ್ ಗಾಡಿಗೆ ಹಾಕ್ತಾಳೋ, ಕಂಪ್ಯೂಟರಿಗೋ?”

“ಶುಕ್ರವಾರ ನಿನ್ನ ಹತ್ರಾನೇ ಬರ್ತಾಳಲ್ಲ, ಕೇಳ್ಕೋ.”

ಕೆಳಗಿನ ಪೇಟೆಯ ಅಂಗಡಿಯವರು ಒಂದು ಪುಟ್ಟ ಬಿಳಿ ಲಾರಿಯಲ್ಲಿ ಮೀನು, ತೋಫು, ಸೋಪು, ಬ್ಯಾಟರಿ ಎಲ್ಲ ತುಂಬಿ ಕಳಿಸುತ್ತಿದ್ದರು. ಮೇಲಿನ ಕಣಿವೆಯಲ್ಲಿ ಇಪ್ಪತ್ತಮೂರು ಮನೆ, ಎಲ್ಲರೂ ನನ್ನಂಥ ಮುದುಕರೇ. ಬಸ್ಸು ನಿಂತು ಹೋಗಿತ್ತು. ಆ ಗಾಡಿ ಬಂದರೆ ಊಟ, ಇಲ್ಲದಿದ್ದರೆ ಬರೀ ಉಪ್ಪಿನಕಾಯಿ. ಗಾಡಿ ಊರೆಲ್ಲ ಸುತ್ತಿ ಕೊನೆಗೆ ನನ್ನ ಪಂಪಿನಲ್ಲಿ ನಿಲ್ಲುತ್ತಿತ್ತು; ಇಲ್ಲಿ ಪೆಟ್ರೋಲ್ ತುಂಬಿಸಿಕೊಂಡು ಪೇಟೆಗೆ ಇಳಿಯುತ್ತಿತ್ತು.

ಶುಕ್ರವಾರ ಮಿಜುಯೆ ಬಂದಳು. ನಲವತ್ತಾರು ವರ್ಷ, ಎತ್ತರದ ಆಳು, ಗಂಡಸರ ರಬ್ಬರ್ ಬೂಟು. ಬೆರಳ ತುದಿ ಕತ್ತರಿಸಿದ ಕೈಗವಸಿನಲ್ಲೇ ಕಂಪ್ಯೂಟರಿನ ಕೀಲಿಗಳನ್ನು ಟಕಟಕ ಒತ್ತಿದಳು.

“ಏನಮ್ಮಾ ಅದು?”

“ಎಕ್ಸೆಲ್ ಹಾಳೆ ಅಜ್ಜಿ. ಈ ಚೌಕದ ಮನೇಲಿ ತಾರೀಕು, ಇಲ್ಲಿ ಓಡಿದ ಕಿಲೋಮೀಟರ್, ಇಲ್ಲಿ ನೀವು ಹಾಕಿದ ಲೀಟರ್. ಪಕ್ಕದ ಮನೇಲಿ ಲೀಟರಿಗೆ ಎಷ್ಟು ಓಡ್ತು ಅನ್ನೋ ಉತ್ತರ ತಾನಾಗೇ ಬರುತ್ತೆ. ಗಾಡಿ ಮೈ ಹುಷಾರಿಲ್ದಿದ್ರೆ ನನಗಿಂತ ಮೊದ್ಲು ಇದಕ್ಕೆ ಗೊತ್ತಾಗುತ್ತೆ.”

ನಾನು ಓದಿದ್ದು ಆರನೇ ಕ್ಲಾಸು. ಆದರೂ ಆ ಉತ್ತರದ ಮನೆ ಕಂಡರೆ ನನಗೆ ಏನೋ ಇಷ್ಟವಾಯಿತು.

ಜನವರಿಯಲ್ಲಿ ಅಂಗಡಿಯ ಯಜಮಾನರು ಆ ಹಾಳೆಯನ್ನೇ ಎದುರಿಗಿಟ್ಟುಕೊಂಡು ಮಾತು ತೆಗೆದರು. ಪೇಟೆ ಸುತ್ತಿನಲ್ಲಿ ಲೀಟರಿಗೆ ಹದಿಮೂರು ಕಿಲೋಮೀಟರ್ ಕೊಡುವ ಗಾಡಿ ಮೇಲಿನ ಕಣಿವೆಯಲ್ಲಿ ಎಂಟೇ ಕೊಡುತ್ತಿತ್ತು. ಮಾರ್ಚ್ ತಿಂಗಳಿಡೀ ನೋಡುತ್ತೇನೆ, ಒಂಬತ್ತು ದಾಟದಿದ್ದರೆ ಶುಕ್ರವಾರದ ಓಟ ಬಂದ್ ಎಂದರಂತೆ. ಇದನ್ನು ಹೇಳುವಾಗಲೂ ಮಿಜುಯೆಯ ಮುಖ ಇಳಿದಿರಲಿಲ್ಲ.

“ನನ್ನ ಗಾಡಿ ಹೊಟ್ಟೆಬಾಕ ಅಲ್ಲ ಅಜ್ಜಿ. ಎಲ್ಲೋ ತಪ್ಪಿದೆ. ಸಿಕ್ಕೇ ಸಿಗುತ್ತೆ.”

ಚಕ್ರದ ಗಾಳಿ ನೋಡಿದಳು. ಖಾಲಿ ಪೆಟ್ಟಿಗೆಗಳನ್ನು ಇಳಿಸಿದಳು. ನಾವು ಮಾತಿಗೆ ಎಳೆದರೆ ಇಂಜಿನ್ ಆರಿಸಿ ಮಾತಾಡಿದಳು. ಹಾಳೆ ಮಾತ್ರ ಎಂಟು, ಎಂಟು ಎನ್ನುತ್ತಲೇ ಇತ್ತು.

ಫೆಬ್ರವರಿ ಕೊನೆಯ ಶುಕ್ರವಾರ ಅವಳು ಗಾಡಿಯಿಂದಿಳಿದು ನನ್ನ ಪಕ್ಕದಲ್ಲೇ ಬಂದು ನಿಂತಳು. ಏಳೂವರೆ ಲೀಟರಿಗೆ ಪೈಪಿನ ಮೂತಿ ‘ಟಕ್’ ಎಂದು ತಾನೇ ನಿಂತಿತು. ನಾನು ಎಂದಿನಂತೆ ಅದನ್ನು ಒಂದಿಷ್ಟು ಮೇಲಕ್ಕೆತ್ತಿ, ಹನಿ ಹನಿಯಾಗಿ ಬಿಡತೊಡಗಿದೆ.

“ಅಜ್ಜಿ! ಇದೇನ್ ಮಾಡ್ತಿದೀರಾ?”

“ಕತ್ತಿನ ತನಕ ತುಂಬಿಸ್ತಿದೀನಿ. ಯಾಕೆ?”

ನನ್ನ ಗಂಡ ಒಮ್ಮೆ ಕಣಿವೆಯ ತಿರುವಿನಲ್ಲಿ ಎರಡು ದಿನ ಹಿಮದಲ್ಲಿ ಸಿಕ್ಕಿಬಿದ್ದಿದ್ದ. ಹೊಗೆ ಕೊಳವೆ ಮುಚ್ಚದಂತೆ ಸುತ್ತಲ ಹಿಮ ಕೆದಕುತ್ತ, ಟ್ಯಾಂಕಿನಲ್ಲಿದ್ದ ಪೆಟ್ರೋಲಿಗೆ ಇಂಜಿನ್ ಓಡಿಸಿ, ಆ ಬಿಸಿಯಲ್ಲೇ ಜೀವ ಉಳಿಸಿಕೊಂಡು ಬಂದ. ಅಂದಿನಿಂದ ಚಳಿಗಾಲದಲ್ಲಿ ಟ್ಯಾಂಕಿನ ಕತ್ತಿನಲ್ಲಿ ಪೆಟ್ರೋಲ್ ಕಾಣದೆ ಯಾವ ಗಾಡಿಯೂ ನಮ್ಮ ಪಂಪು ಬಿಟ್ಟು ಹೋಗಿದ್ದಿಲ್ಲ. ಅವನು ಹೋದ ಮೇಲೂ ನಾನು ಅದನ್ನು ಬಿಟ್ಟಿರಲಿಲ್ಲ. ಇದನ್ನೆಲ್ಲ ಅವಳಿಗೆ ಹೇಳಿದೆ.

ಮಿಜುಯೆ ಮೊದಲು ಹಣೆ ಚಚ್ಚಿಕೊಂಡಳು, ಆಮೇಲೆ ಹೊಟ್ಟೆ ಹಿಡಿದು ನಕ್ಕಳು. ಒಳಗೆ ಬಂದು, ಚಹಾದ ಬಟ್ಟಲಿಟ್ಟುಕೊಂಡು ತಿಳಿಸಿ ಹೇಳಿದಳು.

“ನೋಡಿ. ಗುರುವಾರ ಪೇಟೆ ಪಂಪಿನೋರು ಇಷ್ಟಕ್ಕೆ, ‘ಟಕ್’ ಅನ್ನೋಷ್ಟಕ್ಕೆ ನಿಲ್ಲಿಸ್ತಾರೆ. ನಾನು ಇಲ್ಲಿಗೆ ಎಪ್ಪತ್ತೆರಡು ಕಿಲೋಮೀಟರ್ ಓಡ್ತೀನಿ. ಕುಡಿದಿದ್ದು ಏಳೂವರೆ ಲೀಟರ್. ನೀವು ಹಾಕೋದು ಒಂಬತ್ತು. ಮಿಕ್ಕ ಒಂದೂವರೆ ಗಾಡಿ ಕುಡಿದೇ ಇಲ್ಲ, ಹೊಟ್ಟೇಲೇ ಇದೆ! ಹಾಳೆ ಅದನ್ನ ನಿಮ್ಮ ಕಣಿವೆ ತಲೆಗೆ ಕಟ್ಟುತ್ತೆ. ಮುಂದೆ ಪೇಟೇಲಿ ತುಂಬಿಸುವಾಗ ಅಷ್ಟು ಕಮ್ಮಿ ಹಿಡಿಸುತ್ತಲ್ಲ, ಆ ಪುಣ್ಯ ಪೇಟೆಗೆ.”

ನನ್ನೂರಿನ ಬಾಯಿಗೆ ಬರುವ ತುತ್ತನ್ನು ನಾನೇ ತಡೆಯುತ್ತಿದ್ದೆನಲ್ಲ!

“ಹಾಗಾದ್ರೆ ಹಳೇದ್ರಲ್ಲೆಲ್ಲ ಒಂದೂವರೆ ತೆಗೆದುಬಿಡು. ಯಾರಿಗೆ ಗೊತ್ತಾಗುತ್ತೆ?”

“ನನಗೆ ಗೊತ್ತಾಗುತ್ತಲ್ಲ. ಬರೆದಿದ್ದನ್ನ ಮುಟ್ಟಲ್ಲ ಅಜ್ಜಿ. ಒಂದು ತಿದ್ದಿದ್ರೆ ಉಳಿದದ್ದನ್ನೂ ಯಾರೂ ನಂಬಲ್ಲ. ಇನ್ಮೇಲೆ ನೀವು ‘ಟಕ್’ ಅಂದ ಕೂಡ್ಲೇ ಕೈ ತೆಗೀರಿ, ಸಾಕು. ಮಿಕ್ಕಿದ್ದು ಗಾಡೀನೇ ಹೇಳುತ್ತೆ.”

ಹಳೆಯ ಸಾಲುಗಳ ಪಕ್ಕದ ಖಾಲಿ ಮನೆಯಲ್ಲಿ ‘ಫುಸಾ ಅಜ್ಜಿ, ಕತ್ತಿನ ತನಕ’ ಎಂದಷ್ಟೇ ಬರೆದಳು. ನನ್ನ ಸಮಾಧಾನಕ್ಕೆಂದು ಗಾಡಿಯಲ್ಲಿ ಒಂದು ಕಂಬಳಿ, ಒಂದು ಸಲಿಕೆ ಇಟ್ಟುಕೊಂಡಳು.

ಹೇಳಿದಷ್ಟು ಸುಲಭವಿರಲಿಲ್ಲ. ನಲವತ್ತು ವರ್ಷದ ಕೈ ಅದು. ಮಾರ್ಚಿನ ಮೊದಲ ಶುಕ್ರವಾರ ‘ಟಕ್’ ಎಂದರೂ ಬೆರಳು ತಾನಾಗಿ ಒತ್ತಲು ಹೋಯಿತು. ತೊಕಿಯೆ ಕಾವಲು ನಿಂತಿದ್ದಳು.

“ಕೈ! ಕೈ ತೆಗಿಯೇ! ನಿನ್ನ ಗಂಡನ ಫೋಟೋ ಮುಂದೆ ಊದುಬತ್ತಿ ಹಚ್ಚಿ ನಾನೇ ಕ್ಷಮೆ ಕೇಳ್ತೀನಿ!”

ಉತ್ತರದ ಮನೆಯಲ್ಲಿ ಒಂಬತ್ತೂವರೆ ದಾಟಿತ್ತು. ಮುಂದಿನ ವಾರವೂ ಅಷ್ಟೇ. ಹಿಮ ಜೋರಾಗಿ ಸುರಿದ ವಾರದಲ್ಲೂ ಒಂಬತ್ತಕ್ಕಿಂತ ಕೆಳಗಿಳಿಯಲಿಲ್ಲ. ಕೊನೆಯ ಶುಕ್ರವಾರ ಯಜಮಾನರು ತಾವೇ ಗಾಡಿಯಲ್ಲಿ ಕೂತು ಬಂದರು, ಪಂಪಿನ ಲೀಟರ್ ತೋರಿಸುವ ಮುಳ್ಳಿಗೆ ಮೂಗು ತಾಗಿಸುವಷ್ಟು ಹತ್ತಿರ ನಿಂತು ನೋಡಿದರು.

“ಯಜಮಾನ್ರೇ, ಮುಳ್ಳೇನು ಕಚ್ಚಲ್ಲ,” ಎಂದಳು ತೊಕಿಯೆ. “ನಂಬಿಕೆ ಬಂತಾ?”

“ಬಂತು, ಬಂತು. ಶುಕ್ರವಾರದ ಓಟ ಇರ್ಲಿ,” ಎಂದರು. ಮಿಜುಯೆ ಕುಣಿಯಲಿಲ್ಲ. ಆ ದಿನದ ಸಾಲು ತುಂಬಿಸಿ ಕಂಪ್ಯೂಟರ್ ಮುಚ್ಚಿದಳು. “ಹೇಳಿದ್ನಲ್ಲ, ಹೊಟ್ಟೆಬಾಕ ಅಲ್ಲ ಅಂತ.”

ಇನ್ನೂ ಒಂಬತ್ತು ವರ್ಷ ಆ ಗಾಡಿ ಓಡಿಸಿದಳು. ಒಂದು ಶುಕ್ರವಾರವನ್ನೂ ಹಾಳೆಯಲ್ಲಿ ಖಾಲಿ ಬಿಡಲಿಲ್ಲ. ದಕ್ಷಿಣದ ಬಂದರಿನಲ್ಲಿ ತಂಗಿಯ ನೂಡಲ್ ಅಂಗಡಿಗೆ ಆಳು ಬೇಕಾಯಿತು; ಹೊಸಬಳಿಗೆ ಹಾಳೆಯ ಮನೆಗಳನ್ನೆಲ್ಲ ಕಲಿಸಿ, ಕಂಪ್ಯೂಟರನ್ನೂ ಅವಳ ಕೈಗಿಟ್ಟು ಹೊರಟಳು. ಹೋಗುವ ದಿನ ಬಂದದ್ದು ತನ್ನ ಸ್ವಂತದ ನೀಲಿ ಕಾರಿನಲ್ಲಿ. ಕಣಿವೆಯ ತಿರುವಿನಲ್ಲಿ ಹಿಮ ಇನ್ನೂ ಕರಗಿರಲಿಲ್ಲ.

ನಾನು ಪೈಪು ಇಟ್ಟೆ. ‘ಟಕ್’ ಎಂದಿತು. ಕಲಿತ ಕೈ, ಒಡನೆ ತೆಗೆದೆ.

ಮಿಜುಯೆ ಕಿಟಕಿಯಿಂದ ತಲೆ ಹೊರಹಾಕಿದಳು.

“ಫುಸಾ ಅಜ್ಜಿ, ಈ ಕಾರು ಯಾವ ಹಾಳೇಲೂ ಇಲ್ಲ. ನಿಮ್ಮ ಗಂಡನ ಅಳತೆಗೆ, ಕತ್ತಿನ ತನಕ ತುಂಬಿಸ್ತೀರಾ?”