ಯಾವಾಗ ಗೆಲ್ಲುತ್ತಾರೋ ತಿಳಿಯದ ಮೇಲ್ಮನೆ ಅಣ್ಣ

ಕಳೆದ ವಾರ ಮಗಳಿಗೆ ಶಟಲ್ ಬ್ಯಾಟು ಕೊಡಿಸಲು ಕೋಲಾರದ ಆಟದ ಸಾಮಾನಿನ ಅಂಗಡಿಯೊಂದಕ್ಕೆ ಹೋಗಿದ್ದೆ. ಪಕ್ಕದಲ್ಲಿ ನಿಂತಿದ್ದವರು ಕ್ರಿಕೆಟ್ ಗ್ಲೌಸು ಕೇಳಿದರು. ಅಂಗಡಿಯವನು ಪ್ಲಾಸ್ಟಿಕ್ ಕವರು ಹರಿದು ಗಾಜಿನ ಮೇಲಿಟ್ಟ. ಹೊಸ ಚರ್ಮದ ವಾಸನೆ ಮೂಗಿಗೆ ಬಡಿಯಿತು. ಆ ಗಳಿಗೆಯಲ್ಲಿ ನಾನು ಮಾಲೂರಿನ ನಮ್ಮ ಮನೆಯ ತಾರಸಿಯ ಮೇಲಿದ್ದೆ... ಬಟ್ಟೆ ಒಣಹಾಕುವ ತಂತಿ, ಅದರಲ್ಲಿ ಕ್ಲಿಪ್ಪಿಗೆ ಸಿಕ್ಕಿಕೊಂಡು ತೂಗುತ್ತಿದ್ದ ಬಿಳಿ ಗ್ಲೌಸು. ಒಂದೇ ಒಂದು. ಎಡಗೈಯದು.

ನಾನು ಮದುವೆಯಾಗಿ ಆ ಮನೆಗೆ ಬಂದ ಹೊಸದು. ಸಂಜೆ ಬಟ್ಟೆ ತೆಗೆಯಲು ಹೋದವಳು ಇನ್ನೊಂದು ಗ್ಲೌಸು ಗಾಳಿಗೆ ಹಾರಿಹೋಗಿರಬೇಕೆಂದು ನೀರಿನ ಟ್ಯಾಂಕಿನ ಹಿಂದೆ, ಪಕ್ಕದ ಮನೆಯ ಹಿತ್ತಲಲ್ಲಿ, ಚರಂಡಿಯ ಅಂಚಿನಲ್ಲೆಲ್ಲ ಹುಡುಕಿದೆ. ಸಿಗಲಿಲ್ಲ. ಅಪರಾಧ ನನ್ನದೇ ಎಂಬಂತೆ ಮಹಡಿಯ ಬಾಡಿಗೆ ಮನೆಯ ಬಾಗಿಲು ತಟ್ಟಿ ವಿಷಯ ತಿಳಿಸಿದೆ. ಒಳಗಿದ್ದ ಅಕ್ಕ ನಕ್ಕು ನಕ್ಕು ಸುಸ್ತಾದರು. ಗಾಲ್ಫ್ ಆಡುವವರು ಹಾಕಿಕೊಳ್ಳುವುದೇ ಒಂದು ಕೈಗಂತೆ. ಹಾಗೆ ಅವರಿಬ್ಬರ ಪರಿಚಯವಾಯಿತು. ಆಕೆಯನ್ನು ಅಕ್ಕ ಎಂದೂ ಅವರ ಗಂಡನನ್ನು ಅಣ್ಣ ಎಂದೂ ಕರೆಯುತ್ತಿದ್ದೆ. ಬೀದಿಯವರಿಗೆಲ್ಲ ಅವರು ಮೇಲ್ಮನೆ ಅಣ್ಣ.

ಅವರು ಬಾಡಿಗೆಗೆ ಮನೆ ಕೇಳಲು ಬಂದ ದಿನದ ಮಾತನ್ನು ನನ್ನ ಮಾವ ಎಲ್ಲರಿಗೂ ಹೇಳಿ ನಗುತ್ತಿದ್ದರು. ಮಾವ ರೈಲ್ವೆಯಲ್ಲಿ ಸ್ಟೇಷನ್ ಮಾಸ್ಟರಾಗಿ ನಿವೃತ್ತರಾದವರು. ಏನು ಕೆಲಸ ಮಾಡುತ್ತೀರಿ ಎಂದು ಕೇಳಿದ್ದಾರೆ. ಗಾಲ್ಫ್ ಆಡ್ತೀನಿ ಸರ್ ಎಂದಿದ್ದಾರೆ ಇವರು. ಅದು ಸರಿ, ಕೆಲಸ ಏನು ಎಂದು ಮಾವ. ಅದೇ ಸರ್ ಕೆಲಸ ಎಂದು ಇವರು. ಸಂಬಳ ಕೊಡುವವರಾರೂ ಇಲ್ಲ, ಗೆದ್ದರೆ ಉಂಟು, ಇಲ್ಲದಿದ್ದರೆ ಇಲ್ಲ ಎಂದು ತಿಳಿದ ಮೇಲೂ ಮಾವ ಮನೆ ಕೊಟ್ಟರು. ಯಾಕೆ ಕೊಟ್ಟರೆಂದು ಅತ್ತೆಗೆ ಕೊನೆಯವರೆಗೂ ಅರ್ಥವಾಗಲಿಲ್ಲ.

ಅಣ್ಣ ಮುಳಬಾಗಿಲು ತಾಲೂಕಿನ ದೇವರಾಯಸಮುದ್ರದ ಕಡೆಯವರು. ಅವರ ತಂದೆ ಬೆಂಗಳೂರಿನ ಬಳಿಯ ಒಂದು ಗಾಲ್ಫ್ ಮೈದಾನದಲ್ಲಿ ಹುಲ್ಲು ನೋಡಿಕೊಳ್ಳುವ ಕೆಲಸಕ್ಕೆ ಸೇರಿದ್ದರು. ಅಲ್ಲೇ ಬೆಳೆದ ಅಣ್ಣ ಬೇರೆಯವರ ಚೀಲ ಹೊತ್ತು, ಅವರು ಆಡಿದ್ದನ್ನು ನೋಡಿ ನೋಡಿ ಆಟಗಾರರಾದರು. ನಮ್ಮ ಮನೆಗೆ ಬರುವ ಮೊದಲು ದೊಡ್ಡದೊಂದು ಪಂದ್ಯಾವಳಿ ಗೆದ್ದು ಪೇಪರಿನಲ್ಲಿ ಫೋಟೋ ಬಂದಿತ್ತು. ಗೆಲ್ಲುತ್ತಾರೆಂದು ಯಾರೂ ಅಂದುಕೊಂಡಿರಲಿಲ್ಲವಂತೆ. ಆಮೇಲೆ ಇನ್ನು ಇವರದೇ ಕಾಲ ಎಂದು ಎಲ್ಲರೂ ಬರೆದರು. ಅದೂ ಆಗಲಿಲ್ಲ. ಒಂದು ವಾರ ಪಟ್ಟಿಯ ತಲೆಯಲ್ಲಿ ಅವರ ಹೆಸರು, ಮುಂದಿನ ವಾರ ಬುಡದಲ್ಲಿ ಹುಡುಕಬೇಕು.

ಗಾಲ್ಫ್ ಎಂದರೆ ಶ್ರೀಮಂತರ ಆಟ ಎಂಬುದಕ್ಕಿಂತ ಹೆಚ್ಚು ನಮಗೆ ಗೊತ್ತಿರಲಿಲ್ಲ. ಮಾವನೇ ಮೊದಲು ಕಲಿತು ನನಗೆ ಹೇಳಿಕೊಟ್ಟರು. ನಾಲ್ಕು ದಿನದ ಆಟ. ಎರಡನೇ ದಿನ ಸಂಜೆಗೆ ಅರ್ಧದಷ್ಟು ಜನರನ್ನು ಮನೆಗೆ ಕಳಿಸಿಬಿಡುತ್ತಾರೆ. ಉಳಿದವರಲ್ಲಿ ಕಡಿಮೆ ಏಟಿಗೆ ಎಲ್ಲ ಕುಳಿಗಳಿಗೂ ಚೆಂಡು ಹಾಕಿದವನು ಗೆದ್ದ. ಅಷ್ಟೇ. ಅಣ್ಣ ಹೊರಗೆ ಆಡಲು ಹೋದಾಗ ಮಾವ ಫೋನಿನಲ್ಲಿ ಅಂಕ ನೋಡುತ್ತಾ ಜಗಲಿಯ ಮೇಲೆ ಕೂರುವುದು ಅಭ್ಯಾಸವಾಯಿತು. ಊಟಕ್ಕೆ ಕರೆದರೆ, ಇರಮ್ಮ, ಇನ್ನೂ ಎರಡು ಕುಳಿ ಇದೆ ಎನ್ನುತ್ತಿದ್ದರು.

ಜೀವನವೆಲ್ಲ ವೇಳಾಪಟ್ಟಿ ಹಿಡಿದು ಬದುಕಿದ ಮನುಷ್ಯ, ಕಾಫಿ ಐದು ನಿಮಿಷ ತಡವಾದರೆ ಮುಖ ಸಿಂಡರಿಸುವವರು, ಇಂಥ ಆಟಗಾರನ ಹಿಂದೆ ಬಿದ್ದದ್ದು ನನಗೆ ಸೋಜಿಗ. ಅದೇ ಪಂದ್ಯಗಳಲ್ಲಿ ಇನ್ನೊಬ್ಬರು ಆಡುತ್ತಿದ್ದರು. ಎಲ್ಲಿ ಆಡಿದರೂ ಮೇಲಿನ ನಾಲ್ಕೈದು ಜನರಲ್ಲಿ ಅವರ ಹೆಸರು ಇದ್ದೇ ಇರುತ್ತಿತ್ತು. ನೀವು ಅವರನ್ನು ಯಾಕೆ ಮೆಚ್ಚಬಾರದು ಮಾವ ಎಂದು ಒಮ್ಮೆ ಕೇಳಿದೆ.

"ಒಳ್ಳೆ ಆಟಗಾರ, ಇಲ್ಲ ಅನ್ನಲ್ಲ. ಟೈಮಿಗೆ ಸರಿಯಾಗಿ ಬರೋ ಟ್ರೈನು ಅದು. ನಾನು ಅಂಥಾವಕ್ಕೆ ಹಸಿರು ಬಾವುಟ ತೋರಿಸೀ ತೋರಿಸೀ ರಿಟೈರ್ ಆದೋನು ಕಣಮ್ಮ. ಒಂದನ್ನಾದ್ರೂ ತಿರುಗಿ ನೋಡ್ಲಿಲ್ಲ."

ಅಣ್ಣನಿಗೂ ತಮ್ಮ ಆಟದ ಬಗ್ಗೆ ವಿವರಣೆ ಇರಲಿಲ್ಲ. ಕೆಟ್ಟದಾಗಿ ಆಡಿ ಬಂದ ದಿನ ಗೇಟು ತೆಗೆಯುವ ಸದ್ದಿನಲ್ಲೇ ನಮಗೆ ತಿಳಿಯುತ್ತಿತ್ತು ಎಂದು ಬರೆಯಬೇಕೆನಿಸುತ್ತದೆ. ಆದರೆ ನಿಜ ಹೇಳಬೇಕೆಂದರೆ ತಿಳಿಯುತ್ತಿರಲಿಲ್ಲ. ಗೆದ್ದು ಬಂದರೂ ಸೋತು ಬಂದರೂ ಅದೇ ಮುಖ. ಚೀಲ ಇಳಿಸಿ, ಜಗಲಿಯಲ್ಲಿ ಕೂತು, ಮಾವ ಕೊಟ್ಟ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದರು. ನಿನ್ನೆ ಹಂಗೆ ಆಡ್ದೋನು ಇವತ್ತು ಹಿಂಗ್ಯಾಕಯ್ಯಾ ಎಂದು ಮಾವ ರೇಗಿಸಿದರೆ, ಬೆಳಿಗ್ಗೆ ಮೊದಲ ಏಟು ಹೊಡೆಯುವವರೆಗೂ ಇವತ್ತು ಬಂದಿರೋನು ಯಾರು ಅಂತ ನಂಗೇ ಗೊತ್ತಿರಲ್ಲ ಸರ್ ಎನ್ನುತ್ತಿದ್ದರು. ಇಬ್ಬರೂ ತೆಲುಗಿಗೆ ಹೊರಳಿ ಇನ್ನೇನೋ ಹೇಳಿಕೊಂಡು ನಗುತ್ತಿದ್ದರು.

ಅವರು ಬಂದು ಮೂರನೆಯದೋ ನಾಲ್ಕನೆಯದೋ ವರ್ಷ... ಆ ವರ್ಷ ಅಣ್ಣನ ಆಟ ಪೂರ್ತಿ ಕೆಟ್ಟಿತು. ಎರಡನೇ ದಿನವೇ ಮನೆಗೆ ಬಂದುಬಿಡುವುದು ಮಾಮೂಲಾಯಿತು. ವರ್ಷದ ಕೊನೆಗೆ ಪಟ್ಟಿಯಲ್ಲಿ ಒಂದು ಮಟ್ಟಕ್ಕಿಂತ ಕೆಳಗಿದ್ದವರಿಗೆ ಮುಂದಿನ ವರ್ಷ ಆಡುವ ಹಕ್ಕೇ ಹೋಗುತ್ತಿತ್ತು. ಅಷ್ಟರಲ್ಲಿ ಬೇರೆ ರಾಜ್ಯದ ಒಂದು ಕ್ಲಬ್ಬಿನಿಂದ ಕೋಚ್ ಕೆಲಸಕ್ಕೆ ಕರೆ ಬಂತು. ತಿಂಗಳ ಸಂಬಳ, ಇರಲು ಮನೆ. ಆದರೆ ಪಂದ್ಯಗಳಲ್ಲಿ ಆಡುವಂತಿಲ್ಲ. ಅವರೆಕಾಯಿ ಕಾಲ. ಮೊರ ಮುಂದಿಟ್ಟುಕೊಂಡು ಇಬ್ಬರೂ ಹಿತುಕುತ್ತಾ ಕೂತಿದ್ದಾಗ ಅಕ್ಕ ಇದನ್ನು ಹೇಳಿದರು.

"ಒಪ್ಕೊಳ್ಳಿ ಅಂತ ಹೇಳೋಣ ಅನ್ಸುತ್ತೆ ಕಣೇ. ಆದ್ರೆ ಒಪ್ಕೊಂಡ ಮೇಲೆ ಮನೇಲಿ ಇರೋದು ಇವರೇನಾ, ಬೇರೆ ಯಾರೋನಾ ಅಂತ ಭಯ."

ವರ್ಷದ ಕೊನೆಯ ಪಂದ್ಯ ಮಾಲೂರಿಗೆ ಹತ್ತಿರದಲ್ಲೇ, ಬೆಂಗಳೂರು ದಾರಿಯ ಮೈದಾನದಲ್ಲಿತ್ತು. ಇದರಲ್ಲಿ ಆಗದಿದ್ದರೆ ಕೆಲಸಕ್ಕೆ ಸೇರುತ್ತೇನೆ ಎಂದು ಅಣ್ಣ ಕ್ಲಬ್ಬಿನವರಿಗೆ ಮಾತು ಕೊಟ್ಟಿದ್ದರು. ಮೊದಲೆರಡು ದಿನ ಹೇಗೋ ಕೂದಲೆಳೆಯಲ್ಲಿ ಉಳಿದುಕೊಂಡರು. ಮೂರನೇ ದಿನ ಅವರಿಗೇನಾಯಿತೋ, ಇಡೀ ಮೈದಾನದಲ್ಲಿ ಅವರಷ್ಟು ಚೆನ್ನಾಗಿ ಯಾರೂ ಆಡಲಿಲ್ಲ. ಸಂಜೆಗೆ ಎರಡನೇ ಸ್ಥಾನಕ್ಕೆ ಬಂದಿದ್ದರು. ಮೊದಲ ಸ್ಥಾನದಲ್ಲಿದ್ದವರು ಯಾರೆಂದು ಹೇಳಬೇಕಾಗಿಲ್ಲ. ಮಾವ ಹೇಳುತ್ತಿದ್ದ ಟೈಮಿಗೆ ಬರುವ ಟ್ರೈನು.

ಭಾನುವಾರ ಮಾವ ಮತ್ತು ನಾನು ಹೊರಟೆವು. ಅಕ್ಕ ಪಂದ್ಯದ ದಿನ ಯಾವಾಗಲೂ ಮಾಡುವಂತೆ ಕುರುಡುಮಲೆಗೆ ಹೋಗಿ ಗಣಪತಿಗೆ ಪೂಜೆ ಮಾಡಿಸಿಕೊಂಡು ಬರುತ್ತೇನೆಂದು ಬೆಳಿಗ್ಗೆಯೇ ಬಸ್ಸು ಹತ್ತಿದ್ದರು. ಮಾವ ರಿಟೈರ್ಮೆಂಟಿನ ದಿನ ಹೊಲಿಸಿದ್ದ ಕೋಟು ಹಾಕಿಕೊಂಡಿದ್ದರು. ಅಷ್ಟು ಹಸಿರನ್ನೂ ಅಷ್ಟು ಜನ ಸೇರಿಯೂ ಅಷ್ಟು ಮೌನವಾಗಿರುವುದನ್ನೂ ನಾನು ಅದೇ ಮೊದಲು ಕಂಡದ್ದು. ನಾವು ಹಗ್ಗದ ಈಚೆ ಅಣ್ಣನ ಜೊತೆ ಜೊತೆಗೇ ನಡೆದೆವು. ಅವರು ಒಮ್ಮೆ ಚೆಂಡನ್ನು ನೀಲಗಿರಿ ಮರಗಳ ನಡುವೆ ಕಳಿಸಿಬಿಟ್ಟರು. ಮುಂದಿನ ಏಟಿಗೆ ಅದೇ ಮರಗಳ ಸಂದಿಯಿಂದ ತೂರಿಸಿ ಕುಳಿಯ ಹತ್ತಿರ ತಂದಿಟ್ಟರು. ಮಾವ ನನ್ನ ಕೈ ಹಿಡಿದುಕೊಂಡೇ ಇದ್ದರು. ಇನ್ನೊಬ್ಬರು ಮಾತ್ರ ಗೆರೆ ಎಳೆದಂತೆ ನೇರವಾಗಿ ಆಡುತ್ತಿದ್ದರು.

ಕೊನೆಯ ಕುಳಿಗೆ ಬಂದಾಗ ಅಣ್ಣ ಒಂದೇ ಏಟು ಹಿಂದಿದ್ದರು. ಆ ಕುಳಿಯ ಮುಂದೆ ಒಂದು ಕೊಳ. ದೂರದಿಂದಲೇ ಬೀಸಿ ನೀರು ದಾಟಿಸಬಹುದು. ಇಲ್ಲವೇ ಈಚೆ ದಡದಲ್ಲಿ ಚೆಂಡು ನಿಲ್ಲಿಸಿ, ಆಮೇಲೆ ಸಣ್ಣ ಏಟಿಗೆ ದಾಟಿಸಬಹುದು. ಅಣ್ಣ ದಾಟಿಸಿಯೇ ತೀರುತ್ತಾರೆಂದು ಜನ ಮೊದಲೇ ಆಚೆ ದಡದ ಕಡೆ ಓಡಿ ಜಾಗ ಹಿಡಿದರು. ಅವರ ಚೀಲ ಹೊರುವವನೂ ದೊಡ್ಡ ಕೋಲನ್ನು ತೆಗೆದು ಕೊಟ್ಟ. ಅಣ್ಣ ಅದನ್ನು ಹಿಡಿದು ನೀರನ್ನು ನೋಡುತ್ತಾ ನಿಂತರು. ಬಹಳ ಹೊತ್ತು ನಿಂತರು... ಆಮೇಲೆ ಕೋಲನ್ನು ವಾಪಸು ಕೊಟ್ಟು ಚಿಕ್ಕದನ್ನು ತೆಗೆದುಕೊಂಡು, ಚೆಂಡನ್ನು ಮೆಲ್ಲಗೆ ಈಚೆ ದಡಕ್ಕೆ ತಂದು ನಿಲ್ಲಿಸಿದರು.

ಜನರಿಂದ ನಿರಾಸೆಯ ಒಂದು ಉಸಿರು ಬಂತು. "ಇವನು ಹಿಂಗಾಡೋನೇ ಅಲ್ಲವಲ್ಲಮ್ಮ" ಎಂದು ಮಾವ ಪಿಸುಗುಟ್ಟಿದರು. ಅವರ ಮುಖ ಬಾಡಿತ್ತು.

ಇನ್ನೊಬ್ಬರ ಚೆಂಡು ಸ್ವಲ್ಪ ಮುಂದಿತ್ತು. ನೀರು ದಾಟಿಸುವುದು ಅವರಿಗೆ ಕಷ್ಟವೇ ಅಲ್ಲ. ಎಂದಿನಂತೆ ಸಲೀಸಾಗಿ ಬೀಸಿದರು. ಚೆಂಡು ಮೇಲಿದ್ದಾಗ ಎದುರುಗಾಳಿ ಎದ್ದಿತು. ಆಚೆ ದಡದ ಕಲ್ಲಿಗೆ ತಾಗಿ, ಹಿಂದಕ್ಕೆ ಉರುಳಿ, ನೀರಿಗೆ ಬಿತ್ತು. ಅದಕ್ಕೆ ಒಂದು ಏಟಿನ ದಂಡ ಬೇರೆ. ಅವರು ಆ ಕುಳಿ ಮುಗಿಸುವಷ್ಟರಲ್ಲಿ ಲೆಕ್ಕ ತಿರುಗಿತ್ತು. ಅಣ್ಣ ಕೊಳದಾಚೆಗೆ ಚೆಂಡು ತಂದಿದ್ದರು. ಈಗ ಒಂದೇ ಏಟಿಗೆ ಕುಳಿಗೆ ಹಾಕಿದರೆ ಗೆಲುವು. ದೂರ ಕಡಿಮೆಯೇನೂ ಇರಲಿಲ್ಲ. ಅಣ್ಣ ಕೂತು ನೋಡಿದರು, ಎದ್ದರು, ತಟ್ಟಿದರು. ಚೆಂಡು ಎಡಕ್ಕೆ ಹೋಗುತ್ತಿದೆ ಎಂದುಕೊಂಡೆ. ಅದು ತಾನಾಗಿ ಬಾಗಿ, ಕುಳಿಯ ಬಾಯಲ್ಲಿ ಒಂದು ಕ್ಷಣ ತಡೆದು, ಒಳಗಿಳಿಯಿತು. ಮಾವ ಕನ್ನಡಕ ತೆಗೆದು ಕೋಟಿನ ತುದಿಯಿಂದ ಒರೆಸಿಕೊಳ್ಳತೊಡಗಿದರು. ಒರೆಸುತ್ತಲೇ ಇದ್ದರು.

ಅಕ್ಕನಿಗೆ ಫೋನ್ ಮಾಡಿದೆ. ಹಿಂದೆ ಗಂಟೆಯ ಸದ್ದು ಕೇಳಿಸುತ್ತಿತ್ತು. ಗೆದ್ದರು ಅಕ್ಕ ಎಂದೆ. "ಊಟ ಮಾಡಿದ್ರಾ ಅವರು?" ಎಂದು ಕೇಳಿದರು.

ಮನೆಗೆ ಬರುವಾಗ ಕಾರಿನಲ್ಲಿ ಮಾವ, ಯಾಕಯ್ಯಾ ದಾಟಿಸಲಿಲ್ಲ ಎಂದು ಕೇಳಿಯೇ ಬಿಟ್ಟರು.

"ದಾಟಿಸ್ತೀನಿ ಅಂತ ಎಲ್ರಿಗೂ ಗೊತ್ತಾಗೋಗಿತ್ತಲ್ಲ ಸರ್. ಯಾಕೋ ಮನಸ್ಸು ಬರಲಿಲ್ಲ."

ಆ ಮಾತಿಗೆ ಮಾವ ಊರು ಬರುವವರೆಗೂ ನಗುತ್ತಿದ್ದರು. ಕೋಚ್ ಕೆಲಸದ ಮಾತು ಅಲ್ಲಿಗೆ ಮುಗಿಯಿತು. ಗೆದ್ದವರಿಗೆ ಇನ್ನೂ ಕೆಲವು ವರ್ಷ ಆಡುವ ಹಕ್ಕಿತ್ತು. ಮುಂದಿನ ಪಂದ್ಯದಲ್ಲಿ ಎರಡನೇ ದಿನವೇ ಮನೆಗೆ ಬಂದರು. ಬೀದಿಯವರು ಪೆಚ್ಚಾದರು. ಮಾವ ಮಾತ್ರ, ಈಗ ಸರಿಹೋಯ್ತು ನೋಡು ಎಂದು ಎಲೆಅಡಿಕೆ ತಟ್ಟೆ ಮುಂದೆ ತಳ್ಳಿದರು.

ಅದಾದ ಮೇಲೆ ಅಣ್ಣ ಮತ್ತೆ ಗೆಲ್ಲಲಿಲ್ಲ. ಆದರೆ ಅವರು ಆಡಿದಷ್ಟು ದಿನವೂ ಪ್ರತಿ ಗುರುವಾರ ಬೆಳಿಗ್ಗೆ, ಪಂದ್ಯ ಶುರುವಾಗುವ ಹೊತ್ತಿಗೆ, ನಮ್ಮ ಮನೆಯಲ್ಲೊಂದು ಲವಲವಿಕೆ ಇರುತ್ತಿತ್ತು. ಈ ವಾರ ಇರಬಹುದು ಎಂದುಕೊಳ್ಳುತ್ತಿದ್ದೆವು. ಇರದಿದ್ದರೂ ಬೇಸರವಾಗುತ್ತಿರಲಿಲ್ಲ. ಮಾವ ತೀರಿಕೊಂಡಾಗ ಹೆಗಲು ಕೊಟ್ಟವರಲ್ಲಿ ಅವರೂ ಒಬ್ಬರು. ಬೆನ್ನುನೋವು ಬಂದು ಆಟ ಬಿಟ್ಟ ಮೇಲೆ ಅಕ್ಕನ ತವರು ಶ್ರೀನಿವಾಸಪುರಕ್ಕೆ ಹೋಗಿ ಮಾವಿನ ತೋಟ ನೋಡಿಕೊಂಡಿದ್ದರು. ಸುಖವಾಗಿಯೇ ಇದ್ದರು. ಹೋದ ವರ್ಷ ತೋಟವೆಲ್ಲ ಹೂ ಬಿಟ್ಟಿದ್ದ ದಿನಗಳಲ್ಲಿ, ಊಟ ಮಾಡಿ ಮಲಗಿದವರು ಏಳಲಿಲ್ಲ... ಅದನ್ನೂ ಯಾರೂ ಎಣಿಸಿರಲಿಲ್ಲ.

ಆ ಅಂಗಡಿಯಿಂದ ಬಂದ ಮೇಲೆ ಅಕ್ಕನಿಗೆ ಫೋನ್ ಮಾಡಿದ್ದೆ. ಈ ಭಾನುವಾರ ಒಂದು ಚೀಲ ಬಾದಾಮಿ ಮಾವಿನ ಹಣ್ಣು ಹೊತ್ತುಕೊಂಡು ಬಸ್ಸಿನಲ್ಲಿ ಬಂದರು. ಸಂಜೆ ಟಿವಿ ಹಾಕಿ ತಾವೇ ಗಾಲ್ಫ್ ಚಾನೆಲ್ ಹುಡುಕಿದರು. ನನಗೆ ಆಶ್ಚರ್ಯ. ಅವರು ಹಣ್ಣು ಹೆಚ್ಚುತ್ತಾ ಹೇಳಿದರು:

"ಅವರ ಆಟ ಒಂದಿನಾನೂ ನೋಡಿದೋಳಲ್ಲ ಕಣೇ ನಾನು. ಎದೆ ತಡೀತಿರಲಿಲ್ಲ. ಕುರುಡುಮಲೆಗೆ ಹೋಗ್ತಿದ್ದಿದ್ದು ಭಕ್ತಿ ಅಂತ ನಿಮ್ಮಾವ ಅಂದ್ಕೊಂಡಿದ್ರು. ಬಸ್ಸು ಬದಲಾಯಿಸಿ ಬದಲಾಯಿಸಿ ಹೋಗೋದ್ರಲ್ಲಿ ದಿನ ಕಳೀತಿತ್ತು, ಅಷ್ಟೇ. ಈಗ ನೋಡ್ತೀನಿ. ಇವರೆಲ್ಲ ಬೇರೆ ಮನೆಯವರು."

ಪರದೆಯ ಮೇಲೆ ಯಾವುದೋ ದೇಶದ, ನಾವು ಹೆಸರೇ ಕೇಳದ ಒಬ್ಬ ಹುಡುಗ ಎಲ್ಲರಿಗಿಂತ ಮುಂದಿದ್ದ. ಇನ್ನೊಂದೇ ಕುಳಿ ಬಾಕಿ. ಇವನು ಗೆಲ್ತಾನಾ ಅಕ್ಕ ಎಂದು ಕೇಳಿದೆ. ಅಕ್ಕ ಚಾಕು ಕೆಳಗಿಟ್ಟು, ರಸವಾಗಿದ್ದ ಕೈಯನ್ನು ನನ್ನ ಮೊಣಕಾಲ ಮೇಲೆ ಒತ್ತಿ, ಸುಮ್ನಿರು ಎಂದು ಸನ್ನೆ ಮಾಡಿ ಮುಂದಕ್ಕೆ ಬಾಗಿದರು.